ರೇಷನ್ ಅಂಗಡಿ, ಮಾವೇಲಿ, ಊರಿನ ಅಂಗಡಿ, ಗಡಿಯಾಚೆಯ ಪೇಟೆ: ಕಾಸರಗೋಡಿನ ಮನೆಗೆ ಯಾವುದು ಎಲ್ಲಿಂದ?

ಪೈವಳಿಕೆ, ಪೆರ್ಲ, ಬದಿಯಡ್ಕ, ಮುಳ್ಳೇರಿಯ, ಕುಂಬಳೆ ಯಾವ ಊರನ್ನೇ ತೆಗೆದುಕೊಂಡರೂ ತಿಂಗಳ ಸಾಮಾನು ತರಲು ನಾಲ್ಕು ದಾರಿಗಳಿವೆ. ಕಾರ್ಡು ಹಿಡಿದುಕೊಂಡು ರೇಷನ್ ಅಂಗಡಿಗೆ ಹೋಗಬಹುದು. ಅದೇ ಕಾರ್ಡಿನಲ್ಲಿ ಕೇರಳ ಸರಕಾರದ ನಿಗಮವಾದ ಸಪ್ಲೈಕೋದ ಮಾವೇಲಿ ಸ್ಟೋರಿಗೂ ಹೋಗಬಹುದು. ಸಾಲದ ಪುಸ್ತಕ ಇಟ್ಟುಕೊಂಡಿರುವ ಊರಿನ ಅಂಗಡಿ ಇದ್ದೇ ಇದೆ. ಇನ್ನು ಗಡಿ ದಾಟಿ ಕರ್ನಾಟಕಕ್ಕೆ ಹೋದರೆ ತಲಪಾಡಿ ಗಡಿಯ ಹತ್ತಿರದವರಿಗೆ ತೊಕ್ಕೊಟ್ಟು, ಮಂಗಳೂರು. ಒಳನಾಡಿನವರಿಗೆ ವಿಟ್ಲ, ಪುತ್ತೂರು, ಸುಳ್ಯ.

ಹೆಚ್ಚಿನ ಮನೆಗಳಲ್ಲಿ ಇದು ತೀರ್ಮಾನವಾಗುವುದು ಅಕ್ಕಿಯ ದರದ ಮೇಲೆ. ಅಕ್ಕಿ ಎಲ್ಲಿ ಅಗ್ಗವೋ ಅಲ್ಲಿಂದಲೇ ಉಳಿದದ್ದೂ ಬರುತ್ತದೆ. ಈ ಕ್ರಮವನ್ನು ತಿರುಗಿಸಬೇಕು ಎಂಬುದು ನಮ್ಮ ಗಟ್ಟಿಯಾದ ಅಭಿಪ್ರಾಯ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ 2000 ಕಿಲೋ ಕ್ಯಾಲೊರಿಯ ಊಟಕ್ಕೆ ದಿನಕ್ಕೆ ಸುಮಾರು 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು (ಇದರ ಒಂದಂಶ ಮೀನು, ಮೊಟ್ಟೆಯಾಗಬಹುದು), ಸೊಪ್ಪು ಸೇರಿ 400 ಗ್ರಾಂ ತರಕಾರಿ ಬೇಕು. ನಾಲ್ಕು ಮಂದಿ ದೊಡ್ಡವರಿರುವ ಮನೆಗೆ ತಿಂಗಳಿಗೆ ಇದು 30 ಕಿಲೋ ಧಾನ್ಯ, 10 ಕಿಲೋ ಬೇಳೆಕಾಳು, 48 ಕಿಲೋ ತರಕಾರಿಯಾಗುತ್ತದೆ. ಕುಚ್ಚಿಲಕ್ಕಿ ಗಂಜಿ, ಚಟ್ನಿ, ಒಂದಿಷ್ಟು ಸಾರಿನಲ್ಲಿ ದಿನ ಸಾಗುವ ಮನೆಯಲ್ಲಿ ಧಾನ್ಯ 30 ಕಿಲೋ ದಾಟಿರುತ್ತದೆ, ಬೇಳೆಕಾಳು ಮೂರು ಕಿಲೋ ಮುಟ್ಟುವುದಿಲ್ಲ. ಹೊಟ್ಟೆ ತುಂಬಿರುತ್ತದೆ, ಆದರೆ ರಕ್ತ ಕಡಮೆ. ಆದ್ದರಿಂದ ಅಕ್ಕಿಯನ್ನು ಹಕ್ಕಿನಿಂದ ಪಡೆಯಿರಿ, ಬೇಳೆಕಾಳನ್ನು ಸಬ್ಸಿಡಿಯಲ್ಲಿ ತನ್ನಿ. ಎಣ್ಣೆಯಲ್ಲೂ ಮೀನಿನಲ್ಲೂ ದರಕ್ಕಿಂತ ಮೊದಲು ಸುರಕ್ಷತೆ ನೋಡಿ. ಮುಂದಿನ ಹೋಲಿಕೆ ಈ ಕ್ರಮದಲ್ಲೇ ಇದೆ.

ಅಕ್ಕಿ: ಕಾರ್ಡಿನ ಬಣ್ಣ ಮೊದಲು

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಕೇರಳದಲ್ಲಿ 2016ರ ನವೆಂಬರಿನಿಂದ ಜಾರಿಯಲ್ಲಿದೆ. ಹಳದಿ ಕಾರ್ಡು ಅಂದರೆ ಅಂತ್ಯೋದಯ; ಮನೆಯಲ್ಲಿ ಎಷ್ಟು ಮಂದಿ ಇದ್ದರೂ ತಿಂಗಳಿಗೆ 35 ಕಿಲೋ. ಗುಲಾಬಿ ಕಾರ್ಡು ಆದ್ಯತಾ ವರ್ಗದ್ದು. ತಲೆಗೆ 5 ಕಿಲೋ, ಸಾಮಾನ್ಯವಾಗಿ 4 ಅಕ್ಕಿ, 1 ಗೋಧಿ. ಈ ಎರಡು ಬಣ್ಣದವರಿಗೆ 2023ರ ಜನವರಿಯಿಂದ ಧಾನ್ಯ ಉಚಿತ, 2024ರ ಜನವರಿಯಿಂದ ಇನ್ನೂ ಐದು ವರ್ಷಕ್ಕೆ ಅದು ಮುಂದುವರಿದಿದೆ. ಗೋಧಿಯ ಬದಲು ಆಟಾ ಪ್ಯಾಕೆಟ್ ತೆಗೆದುಕೊಂಡರೆ ಮಾತ್ರ ಸಣ್ಣ ದರವೊಂದು ಬೀಳುತ್ತದೆ. ನೀಲಿ ಕಾರ್ಡಿಗೆ ತಲೆಗೆ 2 ಕಿಲೋ, ಕಿಲೋಗೆ 4 ರೂಪಾಯಿಯಂತೆ. ಬಿಳಿ ಕಾರ್ಡಿಗೆ ತಿಂಗಳು ತಿಂಗಳಿಗೆ ಸರಕಾರ ಪ್ರಮಾಣ ಗೊತ್ತುಮಾಡುತ್ತದೆ, ದರ 10.90 ರೂಪಾಯಿಯ ಲೆಕ್ಕದಲ್ಲಿ. ನೀಲಿ, ಬಿಳಿಯ ದರ ಮತ್ತು ಪ್ರಮಾಣ ಬದಲಾಗಬಹುದು. ಆ ತಿಂಗಳ ಲೆಕ್ಕ ಅಂಗಡಿಯ ಫಲಕದಲ್ಲಿರುತ್ತದೆ.

ನಾಲ್ವರ ಮನೆಗೆ ಗುಲಾಬಿ ಕಾರ್ಡಿನಲ್ಲಿ 20 ಕಿಲೋ ಬರುತ್ತದೆ, ಬೇಕಾದ 30ರಲ್ಲಿ ಮೂರರಲ್ಲಿ ಎರಡು ಪಾಲು. ಅದೇ ಮನೆಗೆ ನೀಲಿಯಾದರೆ 8 ಕಿಲೋ. ಹಳದಿಯೇ ಯಾವಾಗಲೂ ಮೇಲು ಎಂಬ ಗ್ರಹಿಕೆ ಆರು ಮಂದಿಯ ವರೆಗೆ ಸರಿ; ಏಳು ಮಂದಿಗೆ ಎರಡೂ ಸಮ. ಎಂಟನೆಯವರು ಸೇರಿದ ಕೂಡಲೇ ಗುಲಾಬಿಯ ಲೆಕ್ಕ 40 ಕಿಲೋಗೆ ಏರುತ್ತದೆ, ಹಳದಿ 35ರಲ್ಲೇ ನಿಂತಿರುತ್ತದೆ. ದೊಡ್ಡ ಕೂಡುಕುಟುಂಬದಲ್ಲಿ ಮದುವೆಯಾದ ಮಗ ಬೇರೆ ಒಲೆ ಹೂಡಿದ್ದರೆ ಬೇರೆ ಕಾರ್ಡಿಗೆ ಅರ್ಜಿ ಹಾಕುವುದು ಇದೇ ಕಾರಣಕ್ಕೆ ಮುಖ್ಯ.

ಕೈಯಲ್ಲಿರುವ ಬಣ್ಣ ಸರಿಯಾದದ್ದೇ ಎಂದೂ ನೋಡಿಕೊಳ್ಳಿ. ಮನೆ 1000 ಚದರಡಿಗಿಂತ ದೊಡ್ಡದು, ಒಂದು ಎಕರೆಗಿಂತ ಹೆಚ್ಚು ಜಾಗ, ನಾಲ್ಕು ಚಕ್ರದ ಸ್ವಂತ ವಾಹನ (ಹೊಟ್ಟೆಪಾಡಿನ ಟ್ಯಾಕ್ಸಿಗೆ ವಿನಾಯಿತಿ ಇದೆ), ಸರಕಾರಿ ಉದ್ಯೋಗ ಅಥವಾ ಪಿಂಚಣಿ, ತಿಂಗಳಿಗೆ 25,000 ರೂಪಾಯಿ ಮೀರಿದ ವರಮಾನ ಇವುಗಳಲ್ಲಿ ಒಂದು ಇದ್ದರೂ ಆದ್ಯತಾ ಕಾರ್ಡು ಸಿಗುವುದಿಲ್ಲ. ಇದ್ದೂ ಇಟ್ಟುಕೊಂಡರೆ ಪಡೆದ ಧಾನ್ಯದ ಪೇಟೆ ಬೆಲೆಯನ್ನೇ ವಸೂಲಿ ಮಾಡುತ್ತಾರೆ. ಇವು ಯಾವುವೂ ಇಲ್ಲದೆ ಬಿಳಿ ಕಾರ್ಡಿನಲ್ಲಿ ಕೂತಿರುವ ಮನೆಗಳು ನಮ್ಮ ಪಂಚಾಯತುಗಳಲ್ಲಿ ಇನ್ನೂ ಇವೆ. ಅವರು ಬಣ್ಣ ಬದಲಾವಣೆಗೆ ಅಕ್ಷಯ ಕೇಂದ್ರದ (ಸರಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ಹಾಕಿಕೊಡುವ ಕೇಂದ್ರ) ಮೂಲಕ ಅರ್ಜಿ ಹಾಕಬೇಕು. ಕಾಯಿಲೆಯವರು, ಅಂಗವಿಕಲರು ಮನೆಯಲ್ಲಿದ್ದರೆ ವೈದ್ಯಕೀಯ ದಾಖಲೆ ಜತೆಗಿಡಿ, ಎಂಡೋಸಲ್ಫಾನ್ ಸಂತ್ರಸ್ತರ ಪಟ್ಟಿಯಲ್ಲಿ ಹೆಸರಿದ್ದರೆ ಅದರ ದಾಖಲೆಯನ್ನೂ. ಕೊರಗ ಸಮುದಾಯ ಕೇರಳದಲ್ಲಿ ಇರುವುದು ಕಾಸರಗೋಡಿನಲ್ಲೇ, ಮತ್ತು ಅದು ವಿಶೇಷ ದುರ್ಬಲ ಬುಡಕಟ್ಟು. ಇಂಥ ಬುಡಕಟ್ಟಿನ ಎಲ್ಲ ಕುಟುಂಬಗಳಿಗೂ ಅಂತ್ಯೋದಯ ಕಾರ್ಡು ಕೊಡಬೇಕೆಂದು ಸುಪ್ರೀಂ ಕೋರ್ಟು 2003ರಲ್ಲೇ ಹೇಳಿದೆ. ನೆರೆಯಲ್ಲಿ ಹಳದಿ ಕಾರ್ಡಿಲ್ಲದ ಕೊರಗ ಮನೆ ಇದ್ದರೆ ವಾರ್ಡು ಸದಸ್ಯರ ಗಮನಕ್ಕೆ ತನ್ನಿ.

"ರೇಷನ್ ಅಕ್ಕಿ ನಮಗೆ ಹಿಡಿಸುವುದಿಲ್ಲ" ಎಂದು ಹೋಗದೇ ಇರುವುದು ದುಬಾರಿಯಾಗುತ್ತದೆ. ಆದ್ಯತಾ ಕಾರ್ಡಿನವರು ಸತತ ಮೂರು ತಿಂಗಳು ಧಾನ್ಯ ಎತ್ತದಿದ್ದರೆ ಕಾರ್ಡನ್ನು ಆದ್ಯತೆಯಿಂದ ಹೊರಗೆ ಹಾಕುತ್ತಾರೆ. ನಿಮ್ಮ ಅಂಗಡಿಯಲ್ಲಿ ಬೆಳ್ತಿಗೆ (ಕುಚ್ಚದ ಬಿಳಿ ಅಕ್ಕಿ) ಮಾತ್ರ ಇದ್ದು ಕುಚ್ಚಿಲು ಇಲ್ಲವೆಂದರೆ ಪಕ್ಕದ ಊರಿನ ಅಂಗಡಿಗೆ ಹೋಗಿ. ಕೇರಳದೊಳಗೆ ಯಾವ ರೇಷನ್ ಅಂಗಡಿಯಿಂದಲೂ ನಿಮ್ಮ ಪಾಲು ತೆಗೆದುಕೊಳ್ಳಬಹುದು.

ಅಂಗಡಿಯಲ್ಲಿ ಬೆರಳು ಒತ್ತುವ ಮೊದಲು ದಾಸ್ತಾನು ಇದೆಯೇ ಎಂದು ಕೇಳಿ. ಬೆರಳು ಒತ್ತಿದ ಮೇಲೆ ಯಂತ್ರದ ಲೆಕ್ಕದಲ್ಲಿ ನಿಮ್ಮ ಪಾಲು ಮುಗಿಯಿತು. "ಗೋಧಿ ನಾಳೆ ಬರುತ್ತದೆ" ಎಂಬ ಮಾತಿಗೆ ದಾಖಲೆ ಇರುವುದಿಲ್ಲ. ಬಿಲ್ಲು ಕೇಳಿ ಪಡೆಯಿರಿ. ಮಲಯಾಳ ಓದಲು ಬಾರದಿದ್ದರೂ ಅಂಕಿಗಳು ಓದಲು ಬರುತ್ತವೆ: ಎಷ್ಟು ಕಿಲೋ ಬರೆದಿದೆ, ಚೀಲದಲ್ಲಿ ಎಷ್ಟಿದೆ ಎಂದು ಅಲ್ಲೇ ತಾಳೆ ನೋಡಿ. ತಕ್ಕಡಿಯ ಮೇಲೆ ಸಂಶಯ ಬಂದರೆ ತುಂಬಿದ ಒಂದು ಲೀಟರ್ ನೀರಿನ ಬಾಟ್ಲಿ ಇಟ್ಟು ನೋಡಿ; ಬಾಟ್ಲಿಯ ತೂಕ ಸೇರಿ ಒಂದು ಕಿಲೋಗಿಂತ ತುಸು ಹೆಚ್ಚು ತೋರಿಸಬೇಕು.

ಬೀಡಿ ಕಟ್ಟುವವರು, ಅಡಕೆ ಸುಲಿಯುವವರು, ರಬ್ಬರ್ ಟ್ಯಾಪಿಂಗಿನವರು ಇವರ ಬೆರಳಚ್ಚು ಸವೆದು ಯಂತ್ರ ಒಪ್ಪದಿರುವುದು ನಮ್ಮ ಕಡೆಯ ದೊಡ್ಡ ತೊಡಕು. ಬೇರೆ ಬೇರೆ ಬೆರಳು ಒತ್ತಿ ನೋಡಿ, ಕೈ ತೊಳೆದು ಒರೆಸಿ ಮತ್ತೆ ಒತ್ತಿ. ಆಗಲೂ ಆಗದಿದ್ದರೆ ಆಧಾರಿಗೆ ಜೋಡಿಸಿದ ಮೊಬೈಲಿಗೆ ಒಟಿಪಿ ಬರಿಸಿಕೊಂಡು ತೆಗೆದುಕೊಳ್ಳಬಹುದು. ಹಾಗಾಗಿ ಆಧಾರಿನಲ್ಲಿರುವ ನಂಬರು ಮನೆಯಲ್ಲಿ ಚಾಲ್ತಿಯಲ್ಲಿರಲಿ. ಹಾಸಿಗೆ ಹಿಡಿದವರು, ಒಂಟಿ ವೃದ್ಧರು ಇನ್ನೊಬ್ಬರನ್ನು ಪ್ರತಿನಿಧಿಯಾಗಿ ನೇಮಿಸಿಕೊಳ್ಳಲು ತಾಲೂಕು ಸಪ್ಲೈ ಆಫೀಸಿಗೆ ಅರ್ಜಿ ಕೊಡಬಹುದು.

ಅಕ್ಕಿಯ ನಡುವೆ ಬಣ್ಣ ತುಸು ಬೇರೆಯಾದ, ತೊಳೆಯುವಾಗ ತೇಲುವ ಕಾಳುಗಳು ಕಂಡರೆ ಅದು ಪ್ಲಾಸ್ಟಿಕ್ ಎಂದು ಆರಿಸಿ ಎಸೆಯುವ ಮನೆಗಳಿವೆ. ಅವು ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ವಿಟಮಿನ್ ಬೆರೆಸಿ ಕಾಳಿನ ಆಕಾರಕ್ಕೆ ಒತ್ತಿದವು; ನೂರು ಕಾಳಿಗೆ ಒಂದರಂತೆ ಸೇರಿಸಿದ್ದು. ಎಸೆದರೆ ಆ ಕಬ್ಬಿಣವನ್ನೇ ಎಸೆದಂತೆ. ತುಂಬ ನೀರಿನಲ್ಲಿ ಬೇಯಿಸಿ ತಿಳಿ ಬಸಿದು ಚೆಲ್ಲಿದರೂ ಒಂದಂಶ ಹೋಗುತ್ತದೆ. ಗಂಜಿಯಾಗಿಯೇ ಉಂಡರೆ ನಷ್ಟವಿಲ್ಲ. ಮನೆಯಲ್ಲಿ ತಲಸ್ಸೇಮಿಯಾ ಇರುವವರಿದ್ದರೆ ಅವರ ವೈದ್ಯರನ್ನು ಕೇಳಿ ಬಳಸಿ. ಕಮಟು ವಾಸನೆಯ, ಗಂಟುಕಟ್ಟಿದ, ಬೂಸ್ಟು ಹಿಡಿದ ಅಕ್ಕಿಯ ವಿಷಯ ಬೇರೆ. ಹುಳ ಬಿದ್ದದ್ದನ್ನು ಬಿಸಿಲಿಗೆ ಹಾಕಿ ಕೇರಬಹುದು, ಬೂಸ್ಟಿನ ಅಕ್ಕಿಯನ್ನು ತೊಳೆದರೂ ವಿಷ ಉಳಿಯುತ್ತದೆ. ಅಂಗಡಿಯಲ್ಲೇ ಹಿಡಿ ಅಕ್ಕಿ ಮೂಸಿ ನೋಡಿ, ಬದಲಿಸಿ ಕೊಡಲು ಹೇಳಿ.

ಗಡಿಯಾಚೆಯಿಂದ ಬಂದ ಸೊಸೆಯ ಹೆಸರು ಎಲ್ಲಿರಬೇಕು?

ವಿಟ್ಲದ ಹುಡುಗಿ ಪೈವಳಿಕೆಗೆ, ಬಾಯಾರಿನ ಹುಡುಗಿ ಪುತ್ತೂರಿಗೆ ಮದುವೆಯಾಗಿ ಹೋಗುವುದು ಇಲ್ಲಿ ದಿನದ ಸಂಗತಿ. ಆಗ ಎದುರಾಗುವ ಆಯ್ಕೆ: ಹೆಸರನ್ನು ಕರ್ನಾಟಕದ ತವರಿನ ಕಾರ್ಡಿನಲ್ಲೇ ಇಡುವುದೋ, ಕೇರಳದ ಗಂಡನ ಮನೆಯ ಕಾರ್ಡಿಗೆ ತರುವುದೋ?

ತವರಿನ ಕಾರ್ಡಿನಲ್ಲಿಟ್ಟರೆ ಕರ್ನಾಟಕ ಸರಕಾರ ಕೇಂದ್ರದ ಪಾಲಿನ ಮೇಲೆ ತನ್ನದಾಗಿ ಕೊಡುವುದೂ ಸಿಗುತ್ತದೆ ಎಂಬ ಆಸೆ ಇರುತ್ತದೆ. ಆದರೆ ಆ ಪಾಲು ತವರಿನ ಅಡುಗೆಮನೆ ಸೇರುತ್ತದೆ, ಆಕೆಯ ತಟ್ಟೆಗೆ ಬರುವುದಿಲ್ಲ. ಒಂದು ದೇಶ ಒಂದು ರೇಷನ್ ಕಾರ್ಡು ವ್ಯವಸ್ಥೆಯಲ್ಲಿ ಆದ್ಯತಾ ಕಾರ್ಡಿನವರು ಬೇರೆ ರಾಜ್ಯದಲ್ಲೂ ಬೆರಳು ಒತ್ತಿ ಧಾನ್ಯ ಪಡೆಯಬಹುದು, ಆದರೆ ಕೇಂದ್ರದ ಪಾಲು ಮಾತ್ರ. ರಾಜ್ಯ ಸೇರಿಸಿ ಕೊಡುವುದು ಗಡಿ ದಾಟುವುದಿಲ್ಲ. ಕೆಲಸಕ್ಕೆಂದು ಕೆಲವು ತಿಂಗಳು ಬಂದಿರುವವರಿಗೆ ಈ ವ್ಯವಸ್ಥೆ ಸಾಕು. ನೆಲೆಸಿದವರು ಹೆಸರು ವರ್ಗಾಯಿಸಿಕೊಳ್ಳುವುದೇ ಸರಿ. ಇನ್ನೂ ದೊಡ್ಡ ಕಾರಣವೊಂದಿದೆ: ಕೇರಳದಲ್ಲಿ ಅನೇಕ ಸವಲತ್ತುಗಳಿಗೆ ರೇಷನ್ ಕಾರ್ಡೇ ಮೊದಲ ದಾಖಲೆ. ತಾಯಿಯ ಹೆಸರಿಲ್ಲದ ಕಾರ್ಡಿಗೆ ಮಗುವಿನ ಹೆಸರು ಸೇರಿಸುವಾಗಲೂ ಪ್ರಶ್ನೆಗಳು ಏಳುತ್ತವೆ.

ಕ್ರಮ ಹೀಗಿದೆ. ಮೊದಲು ಕರ್ನಾಟಕದ ಆಹಾರ ಇಲಾಖೆಯಲ್ಲಿ ತವರಿನ ಕಾರ್ಡಿನಿಂದ ಹೆಸರು ತೆಗೆಸಿ, ತೆಗೆದುದಕ್ಕೆ ಪ್ರಮಾಣಪತ್ರ ಪಡೆಯಿರಿ. ಯಾವ ಕಾರ್ಡಿನಲ್ಲೂ ಹೆಸರೇ ಇರಲಿಲ್ಲವಾದರೆ ಇರಲಿಲ್ಲ ಎಂಬ ಪ್ರಮಾಣಪತ್ರ ಬೇಕು. ಅದರೊಂದಿಗೆ ಆಧಾರ್ ಮತ್ತು ವಿವಾಹ ನೋಂದಣಿ ಪತ್ರ ಹಿಡಿದು ಇಲ್ಲಿನ ಅಕ್ಷಯ ಕೇಂದ್ರಕ್ಕೆ ಹೋಗಿ ಸೇರ್ಪಡೆಯ ಅರ್ಜಿ ಹಾಕಿ. ಅರ್ಜಿ ಹೆಚ್ಚಾಗಿ ಸಿಕ್ಕಿಬೀಳುವುದು ಎರಡು ಕಡೆ. ಆಧಾರಿನಲ್ಲಿ ತಂದೆಯ ಹೆಸರು, ವಿವಾಹ ಪತ್ರದಲ್ಲಿ ಮನೆತನದ ಹೆಸರು ಎಂದು ಬರಹ ಬೇರೆ ಬೇರೆ ಇದ್ದರೆ ವಾಪಸು ಬರುತ್ತದೆ. ಮೊದಲೇ ಆಧಾರ್ ಸರಿಪಡಿಸಿ. ಇನ್ನೊಂದು, ತೆಗೆಸದೆ ಸೇರಿಸಲು ಹೋಗುವುದು. ಆಧಾರ್ ಎರಡೂ ಕಡೆ ಜೋಡಣೆಯಾಗಿರುವುದರಿಂದ ಎರಡು ಕಾರ್ಡಿನಲ್ಲಿ ಒಂದೇ ಹೆಸರು ಸಿಕ್ಕಿಬೀಳುತ್ತದೆ, ಆಗ ಎರಡು ಮನೆಗೂ ತೊಂದರೆ.

ಬೇಳೆಕಾಳು: ಮಾವೇಲಿಗೆ ಹೋಗಲೇಬೇಕಾದ ಕಾರಣ

ಕೇರಳದಲ್ಲಿ ಸಪ್ಲೈಕೋ 1974ರಲ್ಲಿ ಆರಂಭವಾದ ಸರಕಾರಿ ನಿಗಮ. ಅದರ ಅಂಗಡಿಗಳಲ್ಲಿ 13 ವಸ್ತುಗಳಿಗೆ ಸಬ್ಸಿಡಿ ಇದೆ: ಹೆಸರುಕಾಳು, ಉದ್ದು, ಕಡಲೆ, ಕೆಂಪು ಅಲಸಂಡೆ ಕಾಳು, ತೊಗರಿಬೇಳೆ, ಒಣಮೆಣಸು, ಕೊತ್ತಂಬರಿ, ಸಕ್ಕರೆ, ತೆಂಗಿನೆಣ್ಣೆ ಮತ್ತು ನಾಲ್ಕು ಬಗೆಯ ಅಕ್ಕಿ. 2024ರ ಫೆಬ್ರವರಿಯಿಂದ ಈ ದರಗಳನ್ನು ಪೇಟೆ ದರಕ್ಕಿಂತ ಶೇಕಡಾ 35ರಷ್ಟು ಕಡಮೆ ಎಂಬ ಲೆಕ್ಕಕ್ಕೆ ಕಟ್ಟಿದ್ದಾರೆ. ಮುಖ್ಯ ಸಂಗತಿ: ಇದಕ್ಕೆ ಕಾರ್ಡಿನ ಬಣ್ಣ ಲೆಕ್ಕವಿಲ್ಲ. ಬಿಳಿ ಕಾರ್ಡಿನವರಿಗೂ ಸಿಗುತ್ತದೆ.

ಐದು ಬಗೆಯ ಕಾಳು ಕಾರ್ಡಿಗೆ ತಿಂಗಳಿಗೆ ಒಂದೊಂದು ಕಿಲೋ. ಒಟ್ಟು ಐದು ಕಿಲೋ. ನಾಲ್ವರ ಮನೆಗೆ ಬೇಕಾದ ಹತ್ತು ಕಿಲೋದಲ್ಲಿ ಅರ್ಧ ಇಲ್ಲೇ ಬಂತು, ಉಳಿದರ್ಧವನ್ನು ಮೀನು, ಮೊಟ್ಟೆ, ಹುರುಳಿ ತುಂಬಿಸಬಹುದು. ಆದರೆ ಮಾವೇಲಿಗೆ ಹೋದವರು ಸಕ್ಕರೆ, ಎಣ್ಣೆ, ಮೆಣಸು ತಂದು ಕೆಂಪು ಅಲಸಂಡೆಯನ್ನೂ ಕಡಲೆಯನ್ನೂ ಬಿಟ್ಟುಬರುತ್ತಾರೆ. ದಯವಿಟ್ಟು ಬಿಡಬೇಡಿ.

ಯಾವುದು ನಿಜವಾಗಿ ಅಗ್ಗ ಎಂದು ತಿಳಿಯಲು ಕಿಲೋದ ದರ ಸಾಲದು, ಪ್ರೊಟೀನಿನ ದರ ಬೇಕು. ನೂರು ಗ್ರಾಂ ಹೆಸರು, ಉದ್ದು, ಅಲಸಂಡೆಯಲ್ಲಿ ಸುಮಾರು 24 ಗ್ರಾಂ ಪ್ರೊಟೀನ್, ತೊಗರಿಯಲ್ಲಿ 22, ಕಡಲೆಯಲ್ಲಿ 20, ಅಕ್ಕಿಯಲ್ಲಿ 7. ಒಂದು ಮೊಟ್ಟೆಯಲ್ಲಿ ಆರೂವರೆ ಗ್ರಾಂ. ಲೆಕ್ಕದ ಮಟ್ಟಿಗೆ ಹೆಸರು ಕಿಲೋಗೆ 100 ರೂಪಾಯಿ ಎಂದಿಟ್ಟುಕೊಳ್ಳಿ: 240 ಗ್ರಾಂ ಪ್ರೊಟೀನ್ ಬಂತು, ಹತ್ತು ಗ್ರಾಮಿಗೆ ನಾಲ್ಕು ರೂಪಾಯಿ ಚಿಲ್ಲರೆ. ಮೊಟ್ಟೆ 7 ರೂಪಾಯಿಯಾದರೆ ಹತ್ತು ಗ್ರಾಮಿಗೆ ಹತ್ತು ರೂಪಾಯಿ ದಾಟಿತು. ಬೂತಾಯಿ ಮೀನು ಕಿಲೋಗೆ 200 ಆದರೆ ತಲೆ, ಕರುಳು ತೆಗೆದು ಉಳಿಯುವ ಸುಮಾರು 600 ಗ್ರಾಮಿನಲ್ಲಿ 120 ಗ್ರಾಂ ಪ್ರೊಟೀನ್, ಹತ್ತು ಗ್ರಾಮಿಗೆ ಸುಮಾರು ಹದಿನೇಳು ರೂಪಾಯಿ. ನಿಮ್ಮ ಊರಿನ ಇವತ್ತಿನ ದರ ಹಾಕಿ ಇದನ್ನು ಮಾಡಿ ನೋಡಿ. ಕಾಳಿನ ಜಾಗಕ್ಕೆ ಬೇರೆ ಯಾವುದೂ ಬರುವುದಿಲ್ಲ. ಮೀನು ಬೇಡವೆಂದಲ್ಲ. ಬೂತಾಯಿಯ ಕೊಬ್ಬು ಮತ್ತು ಮುಳ್ಳಿನ ಸುಣ್ಣ ಕಾಳಿನಲ್ಲಿ ಸಿಗುವುದಿಲ್ಲ. ವಾರಕ್ಕೆರಡು ಸಲ ಮೀನು, ದಿನಾ ಕಾಳು ಎಂಬುದು ಒಳ್ಳೆಯ ಹಂಚಿಕೆ. ಕಾಳಿನ ಪಲ್ಯಕ್ಕೆ ಲಿಂಬೆ ಹಿಂಡಿ, ಊಟದ ಹಿಂದೆಯೇ ಚಹಾ ಬೇಡ. ಕಬ್ಬಿಣ ಮೈಗೆ ಹತ್ತುವುದು ಇದರ ಮೇಲೆ ನಿಂತಿದೆ.

ಮಾವೇಲಿಯ ದೊಡ್ಡ ದೋಷ ದಾಸ್ತಾನು. ಸಬ್ಸಿಡಿ ವಸ್ತು ಬಂದ ದಿನವೇ ತೀರುವುದುಂಟು, ತಿಂಗಳುಗಟ್ಟಲೆ ಕೆಲವು ವಸ್ತುಗಳು ಬಾರದೇ ಇದ್ದ ಕಾಲವೂ ಇತ್ತು. ಬಸ್ಸು ಹತ್ತುವ ಮೊದಲು ಫೋನು ಮಾಡಿ ಏನಿದೆ ಎಂದು ಕೇಳಿ. ನಾಲ್ಕೈದು ಮನೆಯವರು ಸೇರಿ ಸರದಿಯಲ್ಲಿ ಒಬ್ಬರು ಎಲ್ಲರ ಕಾರ್ಡು ಹಿಡಿದು ಹೋದರೆ ಬಸ್ಸಿನ ದುಡ್ಡು ಉಳಿಯುತ್ತದೆ. ಒಟಿಪಿ ಕೇಳಿದರೆ ಎಂದು ಆ ಹೊತ್ತಿಗೆ ಮನೆಯವರು ಫೋನಿನ ಹತ್ತಿರ ಇರಲಿ. ಫಲಕ ಮಲಯಾಳದಲ್ಲಿರುವುದರಿಂದ ಕೆಲವು ಹೆಸರು ನೆನಪಿಡಿ: ಚೆರುಪಯರ್ ಹೆಸರು, ವನ್‌ಪಯರ್ ಕೆಂಪು ಅಲಸಂಡೆ, ಉಳುನ್ನು ಉದ್ದು, ಪುಳುಕ್ಕಲರಿ ಕುಚ್ಚಿಲು, ಪಚ್ಚರಿ ಬೆಳ್ತಿಗೆ.

ಊರಿನ ಅಂಗಡಿಯೋ, ಗಡಿಯಾಚೆಯೋ?

ಊರಿನ ಅಂಗಡಿಯ ಬಲ ಸಾಲ ಮತ್ತು ಸಣ್ಣ ಅಳತೆ. ದಿನಗೂಲಿಯ ಮನೆಗೆ ನೂರು ಗ್ರಾಂ ಬೇಳೆ, ಐವತ್ತು ಗ್ರಾಂ ಚಹಾಪುಡಿ ಕೊಡುವವರು ಅವರೇ. ಅದಕ್ಕೆ ತೆರುವ ಬೆಲೆ ಹೆಚ್ಚು ಎಂಬುದೂ ನಿಜ. ಸಾಧ್ಯವಿದ್ದರೆ ಸಾಲದ ಪುಸ್ತಕವನ್ನು ಉಪ್ಪು, ಚಹಾ, ಸಾಬೂನಿಗೆ ಇಟ್ಟುಕೊಂಡು ಕಾಳನ್ನು ಕೂಲಿ ಸಿಕ್ಕ ದಿನ ಮಾವೇಲಿಯಿಂದ ತನ್ನಿ.

ಗಡಿಯಾಚೆಗೆ ಹೋಗುವುದು ಯಾವಾಗ ಲಾಭ? ಕಿಲೋಗೆ ಉಳಿಯುವ ರೂಪಾಯಿಯನ್ನು ತರುವ ಕಿಲೋಗಳಿಂದ ಗುಣಿಸಿ, ಹೋಗಿಬರುವ ಖರ್ಚು ಕಳೆಯಿರಿ. ಕಿಲೋಗೆ 4 ರೂಪಾಯಿ ಉಳಿದರೂ ಹತ್ತು ಕಿಲೋಗೆ ನಲವತ್ತೇ. ಬಸ್ಸು ಮತ್ತು ರಿಕ್ಷಾಕ್ಕೆ ಅದು ಮುಗಿಯುತ್ತದೆ. ಬೇರೆ ಕೆಲಸಕ್ಕೆ ಹೋದವರು ತರುವುದಾದರೆ ಸರಿ, ಅಥವಾ ಎರಡು ಮೂರು ಮನೆ ಸೇರಿ ಮೂಟೆಯಲ್ಲೇ ತರುವುದಾದರೆ. ಮೂಟೆ ಕೊಳ್ಳುವಾಗ ಒಂದು ಸೂಕ್ಷ್ಮ ಗಮನಿಸಿ: 2022ರ ಜುಲೈಯಿಂದ 25 ಕಿಲೋ ಮತ್ತು ಅದಕ್ಕಿಂತ ಕಡಮೆ ತೂಕದ, ಲೇಬಲ್ ಇರುವ ಅಕ್ಕಿ, ಬೇಳೆಯ ಪೊಟ್ಟಣಗಳಿಗೆ ಶೇಕಡಾ 5 ಜಿಎಸ್‌ಟಿ ಇದೆ. ಪೇಟೆಯಲ್ಲಿ 26 ಕಿಲೋದ ಚೀಲಗಳು ಕಾಣಿಸಿಕೊಂಡದ್ದು ಅದಕ್ಕೇ. ಚೀಲದ ದರ ನೋಡಬೇಡಿ, ಕಿಲೋದ ದರ ತೆಗೆಯಿರಿ. ಗಡಿಯಾಚೆಯಿಂದ ತರಲು ನಮ್ಮ ಮೊದಲ ಆಯ್ಕೆ ಹುರುಳಿ. ಮಾವೇಲಿಯ ಸಬ್ಸಿಡಿ ಪಟ್ಟಿಯಲ್ಲಿ ಅದಿಲ್ಲ, ಕೆಡದೆ ಉಳಿಯುತ್ತದೆ, ಮಳೆಗಾಲದ ಸಾರಿಗೂ ಆಗುತ್ತದೆ.

ತೆಂಗಿನೆಣ್ಣೆ: ಪ್ಯಾಕೆಟ್, ಮಿಲ್ಲು, ಕ್ಯಾನು

2025ರಲ್ಲಿ ತೆಂಗಿನೆಣ್ಣೆ ಕಿಲೋಗೆ 400 ರೂಪಾಯಿ ದಾಟಿತು. ದರ ಏರಿದಾಗಲೆಲ್ಲ ಅಗ್ಗದ ಎಣ್ಣೆ ಬೆರೆಸುವ ಆಸೆಯೂ ಏರುತ್ತದೆ. 2018ರಲ್ಲಿ ಕೇರಳದ ಆಹಾರ ಸುರಕ್ಷಾ ಇಲಾಖೆ ಹತ್ತಾರು ಬ್ರಾಂಡುಗಳನ್ನು ನಿಷೇಧಿಸಬೇಕಾಗಿ ಬಂದಿತ್ತು. ಪೇಟೆ ದರಕ್ಕಿಂತ ತೀರ ಕೆಳಗೆ ಮಾರುವ ಹೊಸ ಹೆಸರಿನ ಪ್ಯಾಕೆಟ್ ಕಂಡರೆ ಮುಟ್ಟಬೇಡಿ: ಎಣ್ಣೆಗೆ ಬೇಕಾದ ಕೊಬ್ಬರಿಯೇ ಆ ಬೆಲೆಗೆ ಬರುವುದಿಲ್ಲ. ಕ್ಯಾನಿನಿಂದ ಅಳೆದು ಕೊಡುವ ಎಣ್ಣೆಗೆ ಹೆಸರೂ ಇಲ್ಲ, ಹೊಣೆಯೂ ಇಲ್ಲ.

ಸರಕಾರಿ ಅಂಗಸಂಸ್ಥೆಗಳ ಪ್ಯಾಕೆಟ್, ಅಂದರೆ ಕೇರಾಫೆಡ್‌ನ ಕೇರ, ಸಪ್ಲೈಕೋದ ಶಬರಿ, ಮಧ್ಯಮ ಆಯ್ಕೆ. ಮನೆಯಲ್ಲಿ ತೆಂಗಿದ್ದರೆ ಮಿಲ್ಲು ಎಲ್ಲಕ್ಕಿಂತ ಮೇಲು, ಆದರೆ ಕೊಬ್ಬರಿ ಚೆನ್ನಾಗಿ ಒಣಗಿರಬೇಕು. ತೇವಾಂಶ ಶೇಕಡಾ 6ರ ಹತ್ತಿರ ಇಳಿಯಬೇಕು. ಮುರಿದರೆ ಟಪ್ಪೆಂದು ತುಂಡಾಗಬೇಕು, ಬಾಗಬಾರದು. ಹಸುರು, ಕಪ್ಪು ಬೂಸ್ಟು ಹಿಡಿದ ಹೋಳುಗಳನ್ನು ಕೆರೆದು ಹಾಕಬೇಡಿ, ಪೂರ್ತಿ ಎಸೆಯಿರಿ. ಬೂಸ್ಟಿನ ಅಫ್ಲಾಟಾಕ್ಸಿನ್ ಎಂಬ ವಿಷ ಎಣ್ಣೆಗೆ ಇಳಿಯುತ್ತದೆ, ಕಾಯಿಸಿದರೂ ಹೋಗುವುದಿಲ್ಲ. ಒಣ ಕೊಬ್ಬರಿ ಒಂದು ಕಿಲೋಗೆ 600ರಿಂದ 650 ಗ್ರಾಂ ಎಣ್ಣೆ ಬರಬೇಕು. ತೀರ ಕಡಮೆ ಬಂದರೆ ಒಣಗಿದ್ದು ಸಾಲದು, ಇಲ್ಲವೇ ಮಿಲ್ಲಿನ ಅಳತೆಯಲ್ಲಿ ದೋಷ.

ಮನೆಯ ಪರೀಕ್ಷೆ: ಗಾಜಿನ ಲೋಟದಲ್ಲಿ ಎಣ್ಣೆ ಹಾಕಿ ಫ್ರಿಜ್ಜಿನ ಕೆಳಗಿನ ಭಾಗದಲ್ಲಿಡಿ. ಶುದ್ಧ ಎಣ್ಣೆ ಇಡಿಯಾಗಿ ಬೆಳ್ಳಗೆ ಗಟ್ಟಿಯಾಗುತ್ತದೆ, ಬೆರಕೆಯಿದ್ದರೆ ಮೇಲೆ ದ್ರವದ ಪದರ ಉಳಿಯುತ್ತದೆ. ತಾಳೆ ಬೀಜದ ಎಣ್ಣೆ ಬೆರೆಸಿದ್ದನ್ನು ಈ ಪರೀಕ್ಷೆ ಹಿಡಿಯುವುದಿಲ್ಲ, ಏಕೆಂದರೆ ಅದೂ ತೆಂಗಿನೆಣ್ಣೆಯಂತೆಯೇ ಹೆಪ್ಪುಗಟ್ಟುತ್ತದೆ. ಆ ಸಂಶಯಕ್ಕೆ ಪ್ರಯೋಗಾಲಯವೇ ದಾರಿ.

ಮೀನು: ಜೂನ್, ಜುಲೈಯ ಎಚ್ಚರ

ಕೇರಳದಲ್ಲಿ ಟ್ರಾಲಿಂಗ್ (ಯಂತ್ರದ ಬೋಟುಗಳು ಬಲೆ ಎಳೆದು ಮೀನು ಹಿಡಿಯುವುದು) ನಿಷೇಧ ಜೂನ್ 9ರ ನಡುರಾತ್ರಿಯಿಂದ ಜುಲೈ 31ರ ವರೆಗೆ, 52 ದಿನ. ಆಚೆ ಕರ್ನಾಟಕ ಕರಾವಳಿಯಲ್ಲೂ ಆಗ ನಿಷೇಧವೇ. ಹಾಗಾದರೆ ಉಪ್ಪಳ, ಕುಂಬಳೆಯ ಮಾರ್ಕೆಟಿನಲ್ಲಿ ಆ ದಿನಗಳಲ್ಲಿ ಕಾಣುವ ರಾಶಿ ಮೀನು ಎಲ್ಲಿಂದ? ಒಂದಂಶ ನಮ್ಮದೇ ನಾಡದೋಣಿಯವರದ್ದು, ಅವರಿಗೆ ನಿಷೇಧವಿಲ್ಲ. ಉಳಿದದ್ದು ದೂರದ ರಾಜ್ಯಗಳಿಂದ ದಿನಗಟ್ಟಲೆ ಲಾರಿಯಲ್ಲಿ ಬಂದದ್ದು. 2018ರಲ್ಲಿ ಕೇರಳ ಸರಕಾರದ 'ಸಾಗರ ರಾಣಿ' ಕಾರ್ಯಾಚರಣೆಯಲ್ಲಿ ಇಂಥ ಲಾರಿಗಳಲ್ಲಿ ಫಾರ್ಮಲಿನ್ (ಶವ ಕೆಡದಂತೆ ಇಡಲು ಬಳಸುವ ರಾಸಾಯನಿಕ) ಹಾಕಿದ ಮೀನು ಸಿಕ್ಕಿತ್ತು. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಅದನ್ನು ನಿಮಿಷಗಳಲ್ಲಿ ಪತ್ತೆಹಚ್ಚುವ ಪಟ್ಟಿಗಳನ್ನೂ ತಯಾರಿಸಿದೆ.

ಫಾರ್ಮಲಿನಿನ ಮಾತು ಎಲ್ಲರಿಗೂ ಗೊತ್ತು. ಹಿಸ್ಟಮಿನ್ ಎಂಬ ವಿಷದ ಸಂಗತಿ ಯಾರೂ ಹೇಳುವುದಿಲ್ಲ, ನಮ್ಮ ಬೂತಾಯಿ, ಬಂಗುಡೆಗೆ ಅದೇ ಹೆಚ್ಚು ಅಂಟುವುದು. ಈ ಮೀನುಗಳನ್ನು ಐಸಿಲ್ಲದೆ ಬಿಸಿಲಿನಲ್ಲಿ ಬಿಟ್ಟರೆ ಮಾಂಸದಲ್ಲಿ ಹಿಸ್ಟಮಿನ್ ಸೇರುತ್ತದೆ. ತಿಂದ ಅರ್ಧ ಗಂಟೆಯಲ್ಲಿ ಮುಖ ಕೆಂಪಾಗಿ, ತಲೆನೋವು, ತುರಿಕೆ ಬರುತ್ತದೆ. ಬೇಯಿಸಿದರೂ ಹುರಿದರೂ ಹಿಸ್ಟಮಿನ್ ನಾಶವಾಗುವುದಿಲ್ಲ. ಆದ್ದರಿಂದ ಐಸಿನ ಮೇಲೆ ಸುಮ್ಮನೆ ಹರಡಿದ ಮೀನಿಗಿಂತ ಐಸಿನೊಳಗೆ ಹೂತಿಟ್ಟ ಮೀನು ತೆಗೆದುಕೊಳ್ಳಿ. ಮೀನು ಎಷ್ಟೋ ಐಸೂ ಅಷ್ಟೇ ತೂಕ ಇರಬೇಕು. ಕಿವಿರು ಎತ್ತಿ ನೋಡಿ, ಕೆಂಪಾಗಿ ಒದ್ದೆಯಾಗಿರಬೇಕು. ಕಣ್ಣು ಉಬ್ಬಿರಬೇಕು. ಬೆರಳಲ್ಲಿ ಒತ್ತಿದ ಗುಳಿ ಕೂಡಲೇ ಮೇಲೇಳಬೇಕು. ದೇಹ ರಬ್ಬರಿನಂತೆ ಬಿಗಿಯಾಗಿದ್ದು ಕಣ್ಣು ಮಾತ್ರ ಮಂಕಾಗಿದ್ದರೆ, ಮೀನಿನ ವಾಸನೆಯೇ ಇಲ್ಲದಿದ್ದರೆ ಬಿಟ್ಟುಬಿಡಿ. ನಿಷೇಧದ ದಿನಗಳಲ್ಲಿ ದೋಣಿಯವರಿಂದ ನೇರ ಸಿಕ್ಕರೆ ಮೀನು, ಇಲ್ಲದಿದ್ದರೆ ಮೊಟ್ಟೆ ಮತ್ತು ಕಾಳು ಎಂಬುದು ನಮ್ಮ ಸಲಹೆ.

ತರಕಾರಿಯ ವಿಷಯ ಚಿಕ್ಕದು. ಬಸಳೆ, ಹರಿವೆ, ನುಗ್ಗೆ ಸೊಪ್ಪು, ಕರಿಬೇವಿನೆಲೆ ಮನೆಯ ಹಿತ್ತಿಲಿಂದಲೇ ಬರಲಿ. ಕರಿಬೇವಿನೆಲೆ, ಕೊತ್ತಂಬರಿ ಸೊಪ್ಪಿನಲ್ಲಿ ಕೀಟನಾಶಕದ ಶೇಷ ಮತ್ತೆ ಮತ್ತೆ ಕಂಡುಬಂದಿದೆ. ಪೇಟೆಯಿಂದ ತಂದದ್ದನ್ನು ಲೀಟರ್ ನೀರಿಗೆ 20 ಗ್ರಾಂ ಹುಣಸೆಹಣ್ಣು ಕಿವುಚಿ ಹದಿನೈದು ನಿಮಿಷ ಮುಳುಗಿಸಿ, ಆಮೇಲೆ ಎರಡು ಸಲ ತೊಳೆಯಿರಿ.

ಮಗುವಿಗೆ: ಅಂಗನವಾಡಿಯ ಅಮೃತಂ ಪುಡಿಯೋ, ಪೇಟೆಯ ಡಬ್ಬವೋ?

ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗೆ ಅಂಗನವಾಡಿಯಿಂದ ಅಮೃತಂ ನ್ಯೂಟ್ರಿಮಿಕ್ಸ್ ಉಚಿತ. ಮಹಿಳಾ ಸ್ವಸಹಾಯ ಸಂಘಗಳಾದ ಕುಟುಂಬಶ್ರೀ ಘಟಕಗಳು ಗೋಧಿ, ಕಡಲೆ, ಸೋಯಾ, ನೆಲಗಡಲೆ, ಸಕ್ಕರೆ ಸೇರಿಸಿ ತಯಾರಿಸುತ್ತವೆ. ದಿನಕ್ಕೆ 135 ಗ್ರಾಮಿನ ಲೆಕ್ಕದಲ್ಲಿ ಕೊಡುತ್ತಾರೆ. ಧಾನ್ಯ, ಕಾಳು, ಎಣ್ಣೆಬೀಜ ಮೂರೂ ಇರುವ ಪುಡಿಗೆ ಪೇಟೆಯಲ್ಲಿ ತುಂಬ ದುಡ್ಡು ಕೊಡಬೇಕು. ಮನೆಮಂದಿಯೆಲ್ಲ ಹಂಚಿಕೊಂಡು ಎರಡು ವಾರದಲ್ಲಿ ಮುಗಿಸುವುದೇ ಇದರ ದೊಡ್ಡ ಸೋರಿಕೆ. ಸಕ್ಕರೆ ಆಗಲೇ ಇರುವುದರಿಂದ ಬೆಲ್ಲ ಸೇರಿಸಬೇಡಿ. ನೆಲಗಡಲೆ ಇರುವ ಕಾರಣ ತೇವ ತಾಗಬಾರದು: ದಿನಾಂಕ ನೋಡಿ, ಕಟ್ಟು ಒಡೆದ ಮೇಲೆ ಗಾಳಿಯಾಡದ ಡಬ್ಬಕ್ಕೆ ಹಾಕಿ, ಒಣ ಚಮಚ ಬಳಸಿ. ಕಹಿ ಅಥವಾ ಮುಗ್ಗಲು ವಾಸನೆ ಬಂದರೆ ಮಗುವಿಗೆ ಕೊಡದೆ ಪ್ಯಾಕೆಟಿನ ಸಮೇತ ಅಂಗನವಾಡಿಗೆ ಮರಳಿಸಿ.

ಹೊರಗಿನ ಊಟ

2022ರ ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯ ಚೆರ್ವತ್ತೂರಿನಲ್ಲಿ ಶವರ್ಮಾ ತಿಂದ ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡಳು; ಹಲವರು ಆಸ್ಪತ್ರೆ ಸೇರಿದರು. ಆಮೇಲೆ, 2023ರ ಜನವರಿಯಿಂದ, ಹಸಿ ಮೊಟ್ಟೆಯ ಮಯೊನೇಸ್ ಕೇರಳದಲ್ಲಿ ನಿಷಿದ್ಧ. ಪಾರ್ಸೆಲಿನ ಮೇಲೆ ತಯಾರಿಸಿದ ಹೊತ್ತು, ಎಷ್ಟು ಹೊತ್ತಿನೊಳಗೆ ತಿನ್ನಬೇಕು ಎಂಬ ಚೀಟಿ ಕಡ್ಡಾಯ. ಚೀಟಿಯಿಲ್ಲದ ಪಾರ್ಸೆಲ್ ಬೇಡವೆನ್ನಿ. ಕೆಲಸದ ದಿನ ಮಧ್ಯಾಹ್ನದ ಊಟಕ್ಕೆ ಕುಟುಂಬಶ್ರೀಯ ಜನಕೀಯ ಹೋಟೆಲು ಒಳ್ಳೆಯದು: ಅನ್ನ, ಸಾರು, ಪಲ್ಯ ಬಿಸಿಬಿಸಿಯಾಗಿ ಅದೇ ದಿನದ್ದು. 2020ರಲ್ಲಿ 20 ರೂಪಾಯಿ ಇದ್ದದ್ದು 2023ರಲ್ಲಿ ಸರಕಾರದ ಸಬ್ಸಿಡಿ ನಿಂತ ಮೇಲೆ 30 ಆಯಿತು. ಆ ದುಡ್ಡಿಗೆ ಪೊರೋಟಾ, ಚಹಾದಲ್ಲಿ ಹೊಟ್ಟೆ ತುಂಬಿಸುವುದಕ್ಕಿಂತ ಇದು ಎಷ್ಟೋ ಮೇಲು.

ದೂರು ಎಲ್ಲಿ, ಯಾವ ಭಾಷೆಯಲ್ಲಿ

ರೇಷನಿನ ದೂರಿಗೆ 1967, ಆಹಾರದ ಗುಣಮಟ್ಟದ ದೂರಿಗೆ ಕೇರಳ ಆಹಾರ ಸುರಕ್ಷಾ ಇಲಾಖೆಯ 1800 425 1125. ಮಂಜೇಶ್ವರ ತಾಲೂಕಿನವರಿಗೆ ತಾಲೂಕು ಕೇಂದ್ರ ಉಪ್ಪಳ. ಫೋನಿನ ಮಾತಿಗಿಂತ ಬರಹಕ್ಕೆ ತೂಕ ಹೆಚ್ಚು, ಅದನ್ನು ಕನ್ನಡದಲ್ಲೇ ಬರೆಯಿರಿ. ಕೇರಳದ 1969ರ ಅಧಿಕೃತ ಭಾಷಾ ಕಾನೂನು ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರಿಗೆ ಸ್ಥಳೀಯ ಕಚೇರಿಗಳ ಜತೆ ಕನ್ನಡದಲ್ಲಿ ವ್ಯವಹರಿಸಲು, ಕನ್ನಡದಲ್ಲೇ ಉತ್ತರ ಪಡೆಯಲು ಅವಕಾಶ ಕೊಟ್ಟಿದೆ. ಅರ್ಥವಾಗದ ಮಲಯಾಳ ಅರ್ಜಿಗೆ ಸಹಿ ಹಾಕಬೇಡಿ, ಅದರಲ್ಲಿ ವರಮಾನ ಎಷ್ಟೆಂದು ಬರೆದಿದ್ದಾರೋ ನಿಮಗೆ ಗೊತ್ತಿರುವುದಿಲ್ಲ.

ಬರೆಯುವಾಗ ಅಂಗಡಿಯ ನಂಬರು, ದಿನಾಂಕ, ಬಿಲ್ಲಿನಲ್ಲಿರುವ ತೂಕ, ಕೈಗೆ ಸಿಕ್ಕ ತೂಕ ಇಷ್ಟು ಸಾಕು, ಬೈಗುಳ ಬೇಡ. ಪ್ಯಾಕೆಟಿನ ವಸ್ತುವಾದರೆ ಅದರ ಮೇಲಿನ 14 ಅಂಕಿಯ ಲೈಸೆನ್ಸ್ ಸಂಖ್ಯೆ ಮತ್ತು ಬ್ಯಾಚ್ ಸಂಖ್ಯೆ ಬರೆಯಿರಿ. 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಕಲಮಿನಂತೆ ಗ್ರಾಹಕರೇ ಶುಲ್ಕ ಕಟ್ಟಿ ಮಾದರಿಯನ್ನು ಪರೀಕ್ಷೆಗೆ ಕೊಡಬಹುದು, ಕೋಝಿಕ್ಕೋಡಿನಲ್ಲಿ ಸರಕಾರಿ ಪ್ರಯೋಗಾಲಯವಿದೆ. ಪರೀಕ್ಷೆಗೆ ಕೊಡುವ ಉದ್ದೇಶವನ್ನು ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಬೇಕು. ದೋಷ ಸಾಬೀತಾದರೆ ಕಟ್ಟಿದ ಶುಲ್ಕ ಮರಳಿ ಬರುತ್ತದೆ. ತಾಲೂಕು ಆಫೀಸಿನಲ್ಲಿ ಪರಿಹಾರ ಸಿಗದಿದ್ದರೆ ಆಹಾರ ಭದ್ರತಾ ಕಾಯ್ದೆಯಂತೆ ಜಿಲ್ಲೆಯ ದೂರು ಪರಿಹಾರ ಅಧಿಕಾರಿಗೆ, ಅದರ ಮೇಲೆ ರಾಜ್ಯ ಆಹಾರ ಆಯೋಗಕ್ಕೆ ಬರೆಯಬಹುದು. ಕೊಟ್ಟ ಪ್ರತಿಯೊಂದು ಅರ್ಜಿಯ ನಕಲಿನ ಮೇಲೂ ಕಚೇರಿಯ ಮುದ್ರೆ ಮತ್ತು ದಿನಾಂಕ ಹಾಕಿಸಿಕೊಳ್ಳಿ. ಮೇಲಿನ ಹಂತದಲ್ಲಿ ಮೊದಲು ಕೇಳುವುದು ಅದನ್ನೇ.